ಕಂಪ್ಯೂಟರ್ ಹ್ಯಾಂಗ್ ಆದರೆ ವೈರಸ್ಸೇ ಕಾರಣವೇ?

ಕಂಪ್ಯೂಟರ್ ಹ್ಯಾಂಗ್ ಆದ ಕೂಡಲೇ ‘ವೈರಸ್ ಬಂದಿರಬೇಕು’, ‘ರ‍್ಯಾಮ್ ಸಾಲುತ್ತಿಲ್ಲ’ ಎನ್ನುತ್ತೇವೆ. ಕೆಲವು ಸಲ ಅದು ನಿಜವೂ ಹೌದು. ಆದರೆ ವೈರಸ್ ಇಲ್ಲದೆ, ರ‍್ಯಾಮ್ ಬೇಕಾದಷ್ಟಿದ್ದು, ಪ್ರೊಸೆಸರ್ ಸುಮ್ಮನೆ ಕೂತಿದ್ದರೂ ಯಂತ್ರ ನಿಂತುಹೋಗಬಹುದು. ಇದಕ್ಕೆ ಒಂದು ಕಾರಣ ಡೆಡ್‌ಲಾಕ್.

ಗೋಕಾಕ ತಾಲ್ಲೂಕಿನ ಧುಪದಾಳದ ಸುತ್ತ ಕಬ್ಬಿನ ಹಂಗಾಮು ಎಂದುಕೊಳ್ಳಿ. ಹೊಲದ ಕಿರಿದಾದ ದಾರಿಯಲ್ಲಿ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಎದುರುಬದುರಾದವು. ಎರಡೂ ಕೆಟ್ಟಿಲ್ಲ. ಆದರೆ ಒಂದಕ್ಕೆ ಬೇಕಾದ ಜಾಗದಲ್ಲಿ ಇನ್ನೊಂದು ನಿಂತಿದೆ, ಹಿಂದೆ ಸರಿಯಲು ಟ್ರೇಲರ್ ಬಿಡದು.

ಆಂಡ್ರಾಯ್ಡ್ ಫೋನ್‌ಗಳಲ್ಲೂ ಬಹುಪಾಲು ಸರ್ವರ್‌ಗಳಲ್ಲೂ ಇರುವ ಲಿನಕ್ಸ್ ಕರ್ನಲ್‌ನಲ್ಲಿ ಇದು ಹೇಗೆ ಆಗುತ್ತದೆ ನೋಡೋಣ. ಪ್ರತಿ ಪ್ರೋಗ್ರಾಮ್‌ಗೂ ಮೆಮೊರಿಯ ಯಾವ ವಿಳಾಸದಲ್ಲಿ ಏನಿದೆ ಎಂಬ ನಕ್ಷೆಯೊಂದಿರುತ್ತದೆ. ಅದನ್ನು ಇಬ್ಬರು ಒಟ್ಟಿಗೆ ತಿದ್ದಿ ಕೆಡಿಸದಂತೆ ಕಾಯುವ ಬೀಗ ‘ಎಂಮ್ಯಾಪ್ ಲಾಕ್’. ಈಗ ಪ್ರೋಗ್ರಾಮಿನ ಒಂದು ಥ್ರೆಡ್ ಫೈಲಿನ ಬೀಗ ಹಿಡಿದು ಅದರಲ್ಲಿ ಬರೆಯಲು ಹೊರಟಿದೆ. ಬರೆಯಬೇಕಾದ ಮಾಹಿತಿ ರ‍್ಯಾಮ್‌ನಲ್ಲಿ ಇಲ್ಲ. ತರಿಸಲು ನಕ್ಷೆ ನೋಡಬೇಕು, ಅಂದರೆ ಎಂಮ್ಯಾಪ್ ಲಾಕ್ ಬೇಕು. ಅದೇ ಹೊತ್ತಿಗೆ ಇನ್ನೊಂದು ಥ್ರೆಡ್ ನಕ್ಷೆ ತಿದ್ದಲು ಎಂಮ್ಯಾಪ್ ಲಾಕ್ ಹಿಡಿದುಕೊಂಡು, ಫೈಲಿನ ಬೀಗಕ್ಕೆ ಕಾಯುತ್ತಿದೆ. ಮುಗಿಯಿತು, ಇಬ್ಬರೂ ಕದಲುವುದಿಲ್ಲ.

ತಮಾಷೆಯೆಂದರೆ ಕಾರಣ ಹುಡುಕಲು ಹೋದವರೂ ಸಿಕ್ಕಿಬೀಳುತ್ತಾರೆ. ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ಕೊಡುವ ‘ಪಿಎಸ್’ ಕಮಾಂಡ್, ಅವುಗಳ ವಿವರ ಓದಲು ಅದೇ ಎಂಮ್ಯಾಪ್ ಲಾಕ್ ಕೇಳಿ ತಾನೂ ನಿಂತುಬಿಡಬಹುದು. ಆಗ ‘ಸಿಸ್‌ಆರ್‌ಕ್ಯೂ’ ಕೀ ಬಳಸಿ, ಯಾವ ಥ್ರೆಡ್ ಯಾವ ಸಾಲಿನಲ್ಲಿ ಕಾಯುತ್ತಿದೆ ಎಂಬುದನ್ನು ಕರ್ನಲ್‌ನಿಂದಲೇ ಬರೆಸಿಕೊಳ್ಳುತ್ತಾರೆ. ಹಲವು ಯಂತ್ರಗಳಲ್ಲಿ 120 ಸೆಕೆಂಡು ಕಳೆದರೆ ಕರ್ನಲ್ ತಾನೇ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ. ರೀಸ್ಟಾರ್ಟ್ ಮಾಡಿದರೆ ಯಂತ್ರ ಎದ್ದು ಕೂರುತ್ತದೆ ನಿಜ. ಆದರೆ ಸೇವ್ ಮಾಡದ ಕೆಲಸ ಹೋಗುತ್ತದೆ, ಮೆಮೊರಿಯಲ್ಲಿದ್ದ ಸಾಕ್ಷಿಯೂ ಹೋಗುತ್ತದೆ. ದೋಷ ಮಾತ್ರ ಅಲ್ಲೇ ಇರುತ್ತದೆ. ಸಾವಿರ ಸಲಕ್ಕೊಮ್ಮೆ ಕಾಣಿಸಿಕೊಳ್ಳುವ ದೋಷವಾದರೆ ಮತ್ತೆ ಎಷ್ಟು ದಿನ ಕಾಯಬೇಕೋ!

ಪರಿಹಾರ ಕೇಳಲು ಸರಳ: ಎಲ್ಲರೂ ಬೀಗಗಳನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕು. ಲಿನಕ್ಸ್‌ನಲ್ಲಿ ಫೈಲಿನ ಬೀಗ ಮೊದಲು, ಎಂಮ್ಯಾಪ್ ಲಾಕ್ ಆಮೇಲೆ. ಈ ಕ್ರಮವನ್ನು ಕರ್ನಲ್‌ನ ಮೂಲ ಕೋಡ್‌ನಲ್ಲೇ ಟಿಪ್ಪಣಿಯಾಗಿ ಬರೆದಿಟ್ಟಿದ್ದಾರೆ. ಹಾಗಾಗಿ ನಮ್ಮ ಉದಾಹರಣೆಯಲ್ಲಿ ತಪ್ಪಿದ್ದು ಎರಡನೇ ಥ್ರೆಡ್. ಆದರೆ ಕೋಟ್ಯಂತರ ಸಾಲುಗಳ ಕೋಡ್‌ನಲ್ಲಿ ಟಿಪ್ಪಣಿ ಓದಿಯೇ ಎಲ್ಲರೂ ನಡೆಯುತ್ತಾರೆಂದು ನಂಬುವುದು ಕಷ್ಟ.

ಅದಕ್ಕಾಗಿ ಇಂಗೊ ಮೊಲ್ನಾರ್ ಮತ್ತು ಜೊತೆಗಾರರ ‘ಲಾಕ್‌ಡೆಪ್’ 2006ರಲ್ಲಿ ಲಿನಕ್ಸ್ ಸೇರಿತು. ಯಂತ್ರ ನಿಲ್ಲುವವರೆಗೆ ಅದು ಕಾಯುವುದಿಲ್ಲ. ಬೆಳಿಗ್ಗೆ ಯಾರೋ ಫೈಲಿನ ಬೀಗ ಹಿಡಿದು ಎಂಮ್ಯಾಪ್ ಲಾಕ್ ಕೇಳಿದ್ದು, ಸಂಜೆ ಇನ್ಯಾರೋ ತಿರುಗುಮುರುಗಾಗಿ ಕೇಳಿದ್ದು, ಎರಡನ್ನೂ ನೆನಪಿಟ್ಟು ಎಚ್ಚರಿಸುತ್ತದೆ. ಒಮ್ಮೊಮ್ಮೆ ಎಚ್ಚರಿಕೆ ಸುಳ್ಳಾಗುವುದೂ ಉಂಟು. ಕೆಲಸ ನಿಧಾನವಾಗುವುದರಿಂದ ನಮ್ಮ ನಿಮ್ಮ ಫೋನ್‌ಗಳಲ್ಲಿ ಇದನ್ನು ಆನ್ ಮಾಡಿರುವುದಿಲ್ಲ. ಡೆವಲಪರ್‌ಗಳು ಪರೀಕ್ಷೆಯ ಹಂತದಲ್ಲಿ ಬಳಸುತ್ತಾರೆ. ಪರೀಕ್ಷೆಯಲ್ಲಿ ಒಮ್ಮೆಯೂ ಓಡದ ಕೋಡ್‌ನ ಬಗ್ಗೆ ಲಾಕ್‌ಡೆಪ್‌ಗೆ ಏನೂ ತಿಳಿಯದು.