ಮಾತು ಮರಳಿಸುವ ವಿದ್ಯೆ

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್ ಎಂಬ ಹೆಸರುಗಳೇ ಕೇಳಿಬರುತ್ತವೆ. ವಾಕ್ ಮತ್ತು ಶ್ರವಣ ಚಿಕಿತ್ಸೆಗೂ ಪದವಿ ವ್ಯಾಸಂಗವಿದೆಯೆಂಬುದು ಅನೇಕ ಹೆತ್ತವರಿಗೆ ತಿಳಿದಿಲ್ಲ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಮೈಸೂರಿನಲ್ಲೇ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಗಳ ಈ ಪದವಿಯಲ್ಲಿ ಅಂಗರಚನಾಶಾಸ್ತ್ರ, ಧ್ವನಿವಿಜ್ಞಾನ, ಭಾಷಾಶಾಸ್ತ್ರ, ಮನಶ್ಶಾಸ್ತ್ರಗಳು ಒಂದಾಗುತ್ತವೆ.

ಇಲ್ಲಿ ಅಂಕಗಳಷ್ಟೇ ಸಾಲವು. ಪಠ್ಯಪುಸ್ತಕ ಇಂಗ್ಲಿಷಿನಲ್ಲಿರಬಹುದು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಅಜ್ಜಿ ತಡಕಾಡುವುದು ಕನ್ನಡದ, ಕೊಂಕಣಿಯ, ತುಳುವಿನ ಪದಗಳಿಗಾಗಿ. ‘ನೀರು’ ಎಂಬ ಒಂದು ಪದ ಮರಳಲು ವಾರಗಳೇ ಹಿಡಿಯಬಹುದು. ಮನೆಮಾತನ್ನು ಕೀಳೆಂದು ಕಾಣುತ್ತ ಬೆಳೆದ ಪದವೀಧರನು ಆಕೆಗೆ ಹೇಗೆ ನೆರವಾದಾನು?

ಮಾತುಳ್ಳ ಜೀವಿಯೇ ಮನುಷ್ಯನೆಂದು ಅರಿಸ್ಟಾಟಲನು ಹೇಳಿದನು. ಹಾಗೆಂದು ಮಾತು ತೊದಲುವವರು, ಬಾರದವರು ಮನುಷ್ಯತ್ವದಲ್ಲಿ ಕಡಿಮೆಯವರಲ್ಲ. ಅವರ ಮಾತಿಗಾಗಿ ಕಾಯುವ ತಾಳ್ಮೆ ನಮ್ಮಲ್ಲಿ ಕಡಿಮೆಯಾಗಿದೆ. ಎರಡು ವರ್ಷ ತುಂಬಿದರೂ ಮಾತನಾಡದ ಮಗುವನ್ನು ‘ತಾನಾಗಿ ಆಡೀತು’ ಎಂದು ಮನೆಯಲ್ಲೇ ಇರಿಸಿಕೊಳ್ಳುವುದು ಪ್ರೀತಿಯಲ್ಲ. ಬೇಗನೆ ತೋರಿಸಿದಷ್ಟೂ ಒಳಿತು.

ಹೆತ್ತವರೇ, ಕಾಯಬಲ್ಲ, ಕಿವಿಗೊಡಬಲ್ಲ ಮಗನೋ ಮಗಳೋ ನಿಮ್ಮಲ್ಲಿದ್ದರೆ ಈ ದಾರಿಯನ್ನೂ ತೋರಿಸಿರಿ. ಅದಕ್ಕೂ ಮೊದಲು, ಅವರೊಡನೆ ಮನೆಮಾತಿನಲ್ಲೇ ಮಾತನಾಡಿರಿ.