ಬಿದ್ದ ಮೇಲೆ ಕೂಗುವ ಬೆಲ್ಟು

ಪ್ರಾಜೆಕ್ಟ್ ಎಕ್ಸಿಬಿಷನ್ ನೋಡಿದವರಿಗೆಲ್ಲ ಇದು ಗೊತ್ತಿರುತ್ತೆ. ಸೊಂಟಕ್ಕೊಂದು ಬೆಲ್ಟು, ಅದರಲ್ಲಿ ಒಂದು ಆಕ್ಸೆಲರೋಮೀಟರ್, ಒಂದು ಆರ್ಡುಯಿನೋ, ಒಂದು ಜಿಎಸ್ಎಂ ಮಾಡ್ಯೂಲ್. ವಯಸ್ಸಾದವರು ಬಿದ್ದರೆ ಬಜರ್ ಕೂಗುತ್ತೆ, ಮಗನ ಮೊಬೈಲಿಗೆ ಮೆಸೇಜ್ ಹೋಗುತ್ತೆ. ಡೆಮೋ ದಿನ ಟೀಮಿನಲ್ಲಿ ಯಾರು ಸಣ್ಣಗಿದ್ದಾರೋ ಅವರನ್ನು ಹಾಸಿಗೆ ಮೇಲೆ ಬೀಳಿಸೋದು. ಪ್ರತಿ ವರ್ಷ ಇಂಥದ್ದು ಒಂದಾದರೂ ಇರುತ್ತೆ. ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ನಲ್ಲಿ ಅದನ್ನು ಮಾಡಿದವರು ನಾವೇ. ಮಾರ್ಕ್ಸೂ ಚೆನ್ನಾಗಿಯೇ ಬಂತು.

ರಜೆಯಲ್ಲಿ ಆ ಬೆಲ್ಟನ್ನು ನಮ್ಮಲ್ಲೊಬ್ಬನ ಅಜ್ಜನಿಗೆ ಕಟ್ಟಿ ನೋಡೋಣ ಅಂತ ನಾಲ್ಕೂ ಜನ ಅವನ ಊರಿಗೆ ಹೋದೆವು. ಅಜ್ಜನಿಗೆ ಏಳು ವರ್ಷದಿಂದ ಪಾರ್ಕಿನ್‌ಸನ್ ಕಾಯಿಲೆ. ನಾವು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಿದ್ದಿದ್ದು ನಂಗೇ ಗೊತ್ತಾಗುತ್ತೆ ಕಣ್ರೋ. ಬೀಳ್ದಿರೋ ಹಾಗೆ ಏನಾದ್ರೂ ಮಾಡಿದೀರಾ?"

ಮಾಡಿರಲಿಲ್ಲ. ಅಷ್ಟೇ ಅಲ್ಲ, ಅವರು ಹೇಗೆ ಬೀಳುತ್ತಾರೆ ಅನ್ನೋದನ್ನು ನಾವು ಯಾವತ್ತೂ ನೋಡಿಯೇ ಇರಲಿಲ್ಲ.

ಎರಡು ದಿನ ಅಲ್ಲೇ ಇದ್ದು ನೋಡಿದೆವು. ಅಂಗಳದಲ್ಲಿ ಅಜ್ಜ ಪರವಾಗಿಲ್ಲ ಅನ್ನುವ ಹಾಗೆ ನಡೆಯುತ್ತಾರೆ. ಬಚ್ಚಲುಮನೆ ಹೊಸ್ತಿಲು ಬಂತೋ, ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತೆ. ಪಾದ ನಿಂತರೂ ಮೈ ಮುಂದಕ್ಕೆ ಹೋಗುತ್ತಿರುತ್ತೆ. ಹಿಂದಿನಿಂದ ಅಜ್ಜಿ "ಬೇಗ ಬನ್ನಿ ಅಂದ್ರೆ" ಅಂತ ಕೈ ಎಳೆದರೆ ಇನ್ನೂ ಕಷ್ಟ. ಬಾಗಿಲು, ಇಕ್ಕಟ್ಟಾದ ಜಾಗ, ತಿರುಗುವ ಹೊತ್ತು, ಎದ್ದು ಹೊರಡುವ ಮೊದಲ ಹೆಜ್ಜೆ, ಯಾರಾದರೂ ಅವಸರ ಮಾಡಿದ ಕ್ಷಣ: ಈ ಕಾಯಿಲೆಯಲ್ಲಿ ಕಾಲು ಅಂಟಿಕೊಳ್ಳೋದು ಹೆಚ್ಚಾಗಿ ಇಲ್ಲೆಲ್ಲ. ನಮ್ಮ ಬೆಲ್ಟು ಏನು ಮಾಡಿತು ಅಂತೀರಾ? ಅಜ್ಜ ಕುರ್ಚಿಯಲ್ಲಿ ಧೊಪ್ಪನೆ ಕೂತಾಗ ಕೂಗಿತು. ಗೋಡೆ ಹಿಡಿದು ನಿಧಾನವಾಗಿ ಜಾರಿ ಕುಸಿದಾಗ ಸುಮ್ಮನಿತ್ತು. ಇಪ್ಪತ್ತು ವರ್ಷದವನನ್ನು ಹಾಸಿಗೆ ಮೇಲೆ ಬೀಳಿಸಿ ಥ್ರೆಶೋಲ್ಡ್ ಸೆಟ್ ಮಾಡಿದರೆ ಇನ್ನೇನಾಗುತ್ತೆ.

ನಡೆಯೋದು ಅಂದರೆ ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದುವ ಇನ್ವರ್ಟೆಡ್ ಪೆಂಡುಲಮ್ಮೇ. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ, ಈ ಮೂರೂ ಸೆನ್ಸರ್‌ಗಳು. ಯಾವುದು ಕೆಟ್ಟಿದೆ ಅನ್ನೋದರ ಮೇಲೆ ಬೀಳುವ ಜಾಗವೂ ಬೇರೆ. ಸಕ್ಕರೆ ಕಾಯಿಲೆಯಿಂದ ಪಾದದ ನರ ಸತ್ತವರು ಕತ್ತಲಲ್ಲಿ, ಇಲ್ಲವೇ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲುತ್ತಾರೆ. ಲಕ್ವ ಹೊಡೆದವರಲ್ಲಿ ಕೆಲವರಿಗೆ ಪಾದದ ಮುಂಭಾಗ ಮೇಲೇಳದೆ ಕಾರ್ಪೆಟ್ಟಿನ ಅಂಚಿಗೆ ಸಿಕ್ಕಿಕೊಳ್ಳುತ್ತೆ. ಪಾರ್ಕಿನ್‌ಸನ್‌ನಲ್ಲಿ ಸೆನ್ಸರ್‌ಗಿಂತ ಕಂಟ್ರೋಲರ್‌ನದೇ ತೊಂದರೆ. ಡೋಪಮಿನ್ ಕಡಿಮೆಯಾಗಿ, ನಮಗೆಲ್ಲ ತಾನಾಗಿ ನಡೆಯುವ ಹೆಜ್ಜೆ ಅವರಿಗೆ ಮ್ಯಾನುಯಲ್ ಮೋಡ್‌ಗೆ ಬಂದಿರುತ್ತೆ.

ಮಜಾ ಇರೋದು ಇಲ್ಲೇ. ಒಳಗಿನಿಂದ ಬರದ ಆ ಸೂಚನೆಯನ್ನು ಹೊರಗಿನಿಂದ ಕೊಡಬಹುದು. ನೆಲದ ಮೇಲೆ ಅಡ್ಡಗೆರೆಗಳಿದ್ದರೆ, ಅಂಟಿಕೊಂಡ ಕಾಲು ಎಷ್ಟೋ ಸಲ ಗೆರೆಯನ್ನು ದಾಟಿಬಿಡುತ್ತೆ. ಪರ್ಡನ್ ಮಾರ್ಟಿನ್ ಎಂಬ ನರತಜ್ಞರು ಇದನ್ನು 1967ರಲ್ಲೇ ಬರೆದಿದ್ದಾರೆ. ಮೆಟ್ರೋನೋಮ್ ತಾಳಕ್ಕೆ ಹೆಜ್ಜೆ ಹಾಕಿಸೋದೂ ಇದೇ ಲೆಕ್ಕ. ಅಜ್ಜನ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಕೇಳಿ, ಹಳದಿ ಇನ್ಸುಲೇಷನ್ ಟೇಪನ್ನು ಹೆಜ್ಜೆಗೊಂದರಂತೆ ಐದು ಗೆರೆ ಅಂಟಿಸಿದೆವು. ಅಜ್ಜ ನಿಂತರು, ಗೆರೆ ನೋಡಿದರು, ದಾಟಿದರು. ಪ್ರತಿ ಸಲವೂ ಅಲ್ಲ. ಆದರೂ ಹತ್ತಿಪ್ಪತ್ತು ರೂಪಾಯಿ ಟೇಪು ಮಾಡಿದ ಕೆಲಸವನ್ನು ಸಾವಿರಾರು ರೂಪಾಯಿ ಬೆಲ್ಟು ಮಾಡಿರಲಿಲ್ಲ. ಫಿಸಿಯೋ ಇನ್ನೊಂದು ಮಾತೂ ಹೇಳಿದರು: ಕಾಲು ಅಂಟಿದಾಗ ಎಳೆಯಬೇಡಿ, ನಿಲ್ಲಲು ಬಿಡಿ, ಭಾರವನ್ನು ಆ ಕಾಲಿಂದ ಈ ಕಾಲಿಗೆ ತೂಗಿಸಿ, ಆಮೇಲೆ ದೊಡ್ಡದೊಂದು ಹೆಜ್ಜೆ.

ಹಾಗಂತ ಬಿದ್ದದ್ದನ್ನು ಪತ್ತೆ ಮಾಡೋದೇ ದಂಡ ಅಂತ ನಾವು ಹೇಳುತ್ತಿಲ್ಲ. ಒಂಟಿಯಾಗಿರುವವರು ಬಿದ್ದು ಗಂಟೆಗಟ್ಟಲೆ ನೆಲದಲ್ಲೇ ಇರೋದುಂಟು; ಅವರಿಗೆ ಅದು ಬೇಕು. ನಮ್ಮ ತಕರಾರು ಏನಂದರೆ, ಪ್ರತಿ ಬ್ಯಾಚೂ ಅಲ್ಲಿಗೇ ನಿಲ್ಲಿಸಿಬಿಡುತ್ತೆ. ಡೆಮೋ ಮಾಡಲು ಬೀಳೋದು ಸುಲಭ, ಬೀಳದೇ ಇರೋದನ್ನು ಡೆಮೋ ಮಾಡೋದು ಹೇಗೆ? ಆದರೆ ಇಂಜಿನಿಯರಿಂಗ್ ಇರೋದು ಬೀಳುವ ಮೊದಲಿನ ಆ ಕೆಲವು ಸೆಕೆಂಡುಗಳಲ್ಲಿ. ಕಾಲಿಗೆ ಸೆನ್ಸರ್ ಕಟ್ಟಿದರೆ ಸಾಮಾನ್ಯ ನಡಿಗೆ ಸುಮಾರು 0.5ರಿಂದ 3 ಹರ್ಟ್ಜ್ ಒಳಗೆ ಕಾಣುತ್ತೆ. ಅಂಟಿಕೊಂಡ ಕಾಲಿನ ನಡುಕ 3ರಿಂದ 8 ಹರ್ಟ್ಜ್‌ನಲ್ಲಿ. ಮೂರನೇ ಸೆಮಿಸ್ಟರ್‌ನಿಂದ ಬೈದುಕೊಂಡು ಬಂದ ಫೂರಿಯರ್ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತಾನೆ. ನಡುಕ ಏರಿದ ಕೂಡಲೇ ಕಾಲ ಮುಂದೆ ಲೇಸರ್ ಗೆರೆಯೊಂದು ಬಿದ್ದರೆ? ಇಂಥ ಲೇಸರ್ ಕೋಲು, ಶೂಗಳು ಹೊರಗೆ ಈಗಾಗಲೇ ಇವೆ. ನಮ್ಮ ಹಳ್ಳಿ ಮನೆಯ ಒದ್ದೆ ಬಚ್ಚಲಿಗೆ, ಹವಾಯಿ ಚಪ್ಪಲಿಗೆ, ಬರಿಗಾಲಿಗೆ ಒಗ್ಗುವಂಥದ್ದನ್ನು ಯಾರು ಮಾಡುತ್ತಾರೆ?

ಈ ಸಲದ ಸಿನಾಪ್ಸಿಸ್ ಅದೇ. ಗೈಡ್ ಮೊದಲು ಕೇಳಿದ್ದು, "ಟೇಪೇ ಸಾಕಾದ್ರೆ ಸರ್ಕ್ಯೂಟ್ ಯಾಕ್ರೀ?" ಅಂತ. ಒಳ್ಳೆ ಪ್ರಶ್ನೆ, ಉತ್ತರ ಇನ್ನೂ ಹುಡುಕುತ್ತಿದ್ದೇವೆ. ಮೊನ್ನೆ ಅಜ್ಜಿ ಫೋನ್ ಮಾಡಿದ್ದರು. ಬಚ್ಚಲ ಹತ್ತಿರದ ಎರಡು ಗೆರೆ ನೀರಿಗೆ ಎದ್ದು ಬಂದಿವೆಯಂತೆ, ಅಲ್ಲಿ ಅವರೇ ಹಳದಿ ಪೇಂಟ್ ಬಳಿದಿದ್ದಾರಂತೆ.