ಊರು ಅಂದ್ರೆ ನಿಮ್ಮ ನಾಯಿ ಬಿಟ್ಟು ಹೋಗೋ ಜಾಗ ಅಲ್ಲ

"ಊರಲ್ಲಿ ಜಾಗ ಬೇಕಾದಷ್ಟಿದೆಯಲ್ಲಮ್ಮ, ಆರಾಮಾಗಿ ಓಡಾಡ್ಕೊಂಡಿರುತ್ತೆ ಬಿಡು."

ವೀಸಾ ಕೈಗೆ ಬಂದ ವಾರ ಬೆಂಗಳೂರಿನಿಂದ ಊರಿಗೆ ಬರುವ ಫೋನಿನಲ್ಲಿ ಈ ಮಾತು ಇದ್ದೇ ಇರುತ್ತದೆ. ಫ್ಲ್ಯಾಟು ಖಾಲಿ ಮಾಡುವುದು, ಕಾರು ಮಾರುವುದು, ಫ್ರಿಜ್ಜು ತಂಗಿಗೆ, ವಾಷಿಂಗ್ ಮೆಷಿನ್ ಭಾವನಿಗೆ, ನಾಯಿ ಅಪ್ಪ ಅಮ್ಮನಿಗೆ. ಒಂದೇ ಪಟ್ಟಿ. ನನ್ನ ತಕರಾರು ಈ ಪಟ್ಟಿಯ ಮೇಲೆ.

ನಮ್ಮ ಹೋಬಳಿಯೊಂದರಲ್ಲೇ ಹೀಗೆ ಬಂದಿಳಿದ ನಾಲ್ಕು ನಾಯಿಗಳನ್ನು ನಾನು ಬಲ್ಲೆ. ಎರಡು ಲ್ಯಾಬ್ರಡಾರ್, ಒಂದು ಪಗ್, ಒಂದು ಹಸ್ಕಿ. ಹಸ್ಕಿ ಅಂದರೆ ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ತಳಿ. ಎರಡು ಪದರ ಕೂದಲು. ಬೆಂಗಳೂರಿನಲ್ಲಿ ಅದು ಏಸಿ ರೂಮಿನಲ್ಲಿತ್ತು. ಇಲ್ಲಿ ಏಪ್ರಿಲ್ ತಿಂಗಳ ಬಿಸಿಲಿಗೆ ಕೊಟ್ಟಿಗೆಯ ಗೊಂತಿನ ಕೆಳಗಿನ ಒದ್ದೆ ನೆಲ ಹುಡುಕಿಕೊಂಡು ಮಲಗಿ ಏದುಸಿರು ಬಿಡುತ್ತದೆ. ಅದನ್ನು ನೋಡಲು ಪಕ್ಕದ ಊರಿಂದ ಹುಡುಗರು ಬಂದು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, "ತೋಳದ ಥರ ಇದೆ ಕಣ್ಲಾ" ಅಂತ.

ಜಾಗ ಇದೆ, ನಿಜ. ಆದರೆ ಆ ಜಾಗದಲ್ಲಿ ಏನೇನಿದೆ ಎಂದು ಫೋನು ಮಾಡಿದವರು ಮರೆತಿರುತ್ತಾರೆ. ಬೀದಿಯ ನಾಯಿಗಳ ಹಿಂಡಿದೆ. ಸೋಫಾ ಮೇಲೆ ಬೆಳೆದ ನಾಯಿ ಮೊದಲ ದಿನವೇ ಅವುಗಳ ಗಡಿ ದಾಟಿ ಕಚ್ಚಿಸಿಕೊಂಡು ಬರುತ್ತದೆ. ಉಣ್ಣೆ ಇದೆ, ಉಣ್ಣೆಯಿಂದ ಬರುವ ಜ್ವರ ಇದೆ. ಹಾವಿದೆ. ತುಮಕೂರು, ಹಾಸನ, ಮಂಡ್ಯ ಕಡೆಯವರಿಗೆ ಚಿರತೆ ವಿಷಯ ನಾನು ಹೇಳಬೇಕಾಗಿಲ್ಲ. ಅದು ಊರಂಚಿಗೆ ಬರುವುದೇ ನಾಯಿಗಾಗಿ. ನಮ್ಮ ಊರ ನಾಯಿಗೆ ಗಾಳಿಯಲ್ಲೇ ವಾಸನೆ ಗೊತ್ತಾಗಿ ಅಟ್ಟಣೆ ಕೆಳಗೆ ಸೇರಿಕೊಳ್ಳುತ್ತದೆ. ಲ್ಯಾಬ್ರಡಾರ್ ಬಾಲ ಅಲ್ಲಾಡಿಸಿಕೊಂಡು ನೋಡಲು ಹೋಗುತ್ತದೆ.

ಹಾಗಾಗಬಾರದೆಂದು ಕಟ್ಟಿಹಾಕುತ್ತಾರೆ. ಬೆಳಗಿನಿಂದ ಸಂಜೆ ತನಕ ಆರಡಿ ಸರಪಳಿ. "ಓಡಾಡ್ಕೊಂಡಿರುತ್ತೆ" ಅಂದದ್ದು ಇದಕ್ಕೇನಾ?

ಇನ್ನು ಡಾಕ್ಟರು. ತಾಲೂಕಿನ ಪಶು ವೈದ್ಯರ ಮೇಲೆ ದೂರು ಹೇಳುತ್ತಿಲ್ಲ. ಅವರ ದಿನ ಹಸುವಿನ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಕುರಿಗಳ ಸಾವು ಇವುಗಳಲ್ಲೇ ಮುಗಿಯುತ್ತದೆ. ಪಗ್‌ಗೆ ಉಸಿರು ಕಟ್ಟಿದರೆ ರಾತ್ರಿ ಹತ್ತಕ್ಕೆ ಎಲ್ಲಿಗೆ ಓಡಬೇಕು? ಓಡಬೇಕಾದವರು ಯಾರು? ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಂಡು ಮಲಗಿರುವ ಅರವತ್ತೆಂಟು ವರ್ಷದ ತಾಯಿ. ಮೂವತ್ತು ಕೆಜಿಯ ನಾಯಿ ಸರಪಳಿ ಎಳೆದರೆ ಬೀಳುವುದೂ ಅವರೇ. ಅವರಿಗೆ ಸೊಂಟ ಮುರಿದರೆ ಅಮೆರಿಕದಿಂದ ಯಾರು ಬರುತ್ತಾರೆ?

"ಕರ್ಕೊಂಡು ಹೋಗೋಕೆ ಆಗಲ್ಲ, ರೂಲ್ಸ್ ಬಿಡಲ್ಲ" ಅನ್ನುತ್ತಾರೆ. ಈ ಮಾತು ಬಹುಪಾಲು ಸುಳ್ಳು. ರೂಲ್ಸ್ ಇದೆ, ಕಷ್ಟ ಇದೆ, ಆದರೆ ದಾರಿಯೂ ಇದೆ. ಭಾರತದಲ್ಲಿ ನಾಯಿ ರೇಬಿಸ್ ಇರುವುದರಿಂದ ಅಮೆರಿಕ ನಮ್ಮ ದೇಶವನ್ನು ಹೆಚ್ಚು ಅಪಾಯದ ಪಟ್ಟಿಯಲ್ಲಿಟ್ಟಿದೆ. 2024ರ ಆಗಸ್ಟ್ 1ರಿಂದ ಅಲ್ಲಿಗೆ ಹೋಗುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಯಲ್ಲಿ ಮೈಕ್ರೋಚಿಪ್ ಇರಬೇಕು, ಫಾರಂ ತುಂಬಬೇಕು. ಇಲ್ಲಿ ಲಸಿಕೆ ಹಾಕಿಸಿದ ನಾಯಿಯಾದರೆ ಅದರ ಪ್ರಮಾಣಪತ್ರ ಬೇಕು, ಲಸಿಕೆ ಕೆಲಸ ಮಾಡಿದೆಯೇ ಎಂದು ತೋರಿಸುವ ರಕ್ತ ಪರೀಕ್ಷೆ ಬೇಕು, ಅಲ್ಲಿನ ನೋಂದಾಯಿತ ಪ್ರಾಣಿ ಕೇಂದ್ರದಲ್ಲಿ ಮೊದಲೇ ಬುಕಿಂಗ್ ಬೇಕು. ರಕ್ತ ಪರೀಕ್ಷೆ ಇಲ್ಲದೆ ಹೋದರೆ 28 ದಿನ ಕ್ವಾರಂಟೈನ್, ಖರ್ಚು ನಿಮ್ಮದೇ.

ಜರ್ಮನಿ ಮುಂತಾದ ಯೂರೋಪ್ ಒಕ್ಕೂಟದ ದೇಶಗಳಿಗೆ ಹೊರಟರೆ ಚಿಪ್ ಹಾಕಿಸಿ, ಲಸಿಕೆ ಕೊಡಿಸಿ, 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಅಲ್ಲಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಲೆಕ್ಕ ಹಾಕಿ, ನಾಲ್ಕು ತಿಂಗಳು. ಬ್ರಿಟನ್ನಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಆಸ್ಟ್ರೇಲಿಯಾ ಮಾತ್ರ ನಿಜಕ್ಕೂ ಕಷ್ಟ, ಭಾರತದಿಂದ ನೇರವಾಗಿ ನಾಯಿಯನ್ನು ಬಿಟ್ಟುಕೊಳ್ಳುವುದೇ ಇಲ್ಲ. ಬೆಕ್ಕಿನವರಿಗೆ ಅಮೆರಿಕ ಸ್ವಲ್ಪ ಸಲೀಸು. ಇಲ್ಲಿಂದ ಹೊರಡಲು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಒಪ್ಪಿಗೆ ಪತ್ರ ಬೇಕು, ಆ ಕಚೇರಿ ಬೆಂಗಳೂರಿನಲ್ಲೇ ಇದೆ.

ಈಗ ಹೇಳಿ. ಕಂಪನಿ ಬದಲಾಯಿಸಲು ಒಂದು ವರ್ಷ, ಇಂಗ್ಲಿಷ್ ಪರೀಕ್ಷೆಗೆ ಆರು ತಿಂಗಳು, ವೀಸಾಗೆ ಕಾದದ್ದು ಎಷ್ಟು ಕಾಲ! ಈ ಉದ್ದಕ್ಕೂ ನಾಯಿ ಅದೇ ಮನೆಯಲ್ಲಿತ್ತು ತಾನೆ? ಟಿಕೆಟ್ ಬುಕ್ ಆದ ಮೇಲೆ ಅದರ ನೆನಪಾಗಿದ್ದರೆ ಬ್ರಸೆಲ್ಸನ್ನೋ ವಾಷಿಂಗ್ಟನ್ನನ್ನೋ ಬೈದು ಏನು ಪ್ರಯೋಜನ?

ದುಡ್ಡಿನ ಮಾತೂ ಆಡೋಣ. ವಿಮಾನ, ಪಂಜರ, ಪರೀಕ್ಷೆ, ಏಜೆಂಟು ಎಲ್ಲ ಸೇರಿ ಲಕ್ಷಗಳ ಮಾತಾಗುತ್ತದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳನ್ನು ಎಷ್ಟೋ ವಿಮಾನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ, ದಾರಿಯಲ್ಲಿ ಉಸಿರು ಕಟ್ಟಿ ಸಾಯುತ್ತವೆಂದು. ಹನ್ನೆರಡು ವರ್ಷದ ಮುದಿ ನಾಯಿಯನ್ನು ಇಪ್ಪತ್ತು ಗಂಟೆ ಪಂಜರದಲ್ಲಿ ಕೂರಿಸುವುದು ಪ್ರೀತಿಯೂ ಅಲ್ಲ. ಹಾಗಾಗಿ ಎಲ್ಲರೂ ಹೊತ್ತುಕೊಂಡೇ ಹೋಗಿ ಎಂದು ನಾನು ಹೇಳುತ್ತಿಲ್ಲ. ಸ್ವರ್ಗದ ಬಾಗಿಲಲ್ಲಿ ಇಂದ್ರ ರಥ ತಂದು ನಿಲ್ಲಿಸಿದಾಗ ನಾಯಿ ಬಿಟ್ಟು ಬರಲಾರೆ ಎಂದ ಧರ್ಮರಾಯನಿಗೆ ಯಾರೂ ಮೈಕ್ರೋಚಿಪ್ ನಂಬರು ಕೇಳಿರಲಿಲ್ಲ.

ಬಿಟ್ಟು ಹೋಗಲೇಬೇಕಾದರೆ ಬಿಡುವುದಕ್ಕೂ ಒಂದು ಕ್ರಮ ಇದೆ. ಬೇಕು ಎನ್ನುವವರನ್ನು ಹುಡುಕಿ. "ಸರಿ, ಬಿಟ್ಟು ಹೋಗು" ಎನ್ನುವವರು ಬೇರೆ, ಬೇಕು ಎನ್ನುವವರು ಬೇರೆ. ಬೆಂಗಳೂರಿನಲ್ಲೇ, ಅದೇ ಅಪಾರ್ಟ್‌ಮೆಂಟಿನಲ್ಲೇ, ದಿನಾ ಲಿಫ್ಟಿನಲ್ಲಿ ಅದರ ತಲೆ ಸವರುವ ಒಬ್ಬರಿರಬಹುದು. ಅವರ ಮನೆಯಲ್ಲಿ ಹದಿನೈದು ದಿನ ಬಿಟ್ಟು ನೋಡಿ, ನೀವು ಇನ್ನೂ ಊರಲ್ಲೇ ಇರುವಾಗ. ಸಂತಾನಹರಣ ಮಾಡಿಸಿ. ಲಸಿಕೆ ಪುಸ್ತಕ ಕೊಡಿ. ತಿಂಗಳ ಖರ್ಚಿನ ಬಗ್ಗೆ ಬಾಯಿ ಬಿಟ್ಟು ಮಾತಾಡಿ. ಆಮೇಲೆ ಮೂರು ತಿಂಗಳಿಗೆ "ವಾಪಸ್ ತಗೊಂಡು ಹೋಗಿ" ಎಂದು ಅವರು ಅಂದರೆ ಯಾರು ಹೋಗಬೇಕು ಎನ್ನುವುದೂ ತೀರ್ಮಾನವಾಗಿರಲಿ.

ಇದಾವುದೂ ಬೇಡವೆಂದು ಕೆಲವರು ಹೆದ್ದಾರಿ ಬದಿಯಲ್ಲಿ ಕಾರಿನ ಬಾಗಿಲು ತೆಗೆಯುತ್ತಾರೆ. ಡಾಬಾಗಳ ಹತ್ತಿರ ಕೊರಳಲ್ಲಿ ಪಟ್ಟಿ ಇರುವ ಜಾತಿ ನಾಯಿ ಪ್ರತಿ ಕಾರಿನ ಹಿಂದೆ ಓಡುವುದನ್ನು ನೀವೂ ನೋಡಿರಬಹುದು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಆ ಡಾಬಾದಲ್ಲಿ ಒಂದು ಮಸಾಲೆ ದೋಸೆಗೂ ಅದು ಸಾಲದು.

2022ರಲ್ಲಿ '777 ಚಾರ್ಲಿ' ಬಂದಾಗ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಅತ್ತರು. ಥಿಯೇಟರಿನ ತುಂಬ ಅಳು. ಸಿನಿಮಾ ನೋಡಿ ಲ್ಯಾಬ್ರಡಾರ್ ಮರಿ ಕೊಂಡವರೂ ಇದ್ದರು. ಆ ಮರಿಗಳೆಲ್ಲ ಈಗ ದೊಡ್ಡವಾಗಿವೆ, ಕೊಂಡವರಿಗೆ ವೀಸಾ ಬರುತ್ತಿದೆ.

ಇಷ್ಟು ಹೊತ್ತು ನಗರದವರನ್ನು ಬೈದದ್ದಾಯಿತು. ಇದನ್ನು ಓದುತ್ತಿರುವವರು ಊರಲ್ಲಿರುವ ನೀವು. ನಿಮ್ಮಲ್ಲಿ ಕೆಲವರಿಗೆ ಆ ಫೋನು ಬಂದಿದೆ, ಕೆಲವರಿಗೆ ಬರಲಿದೆ. ಮಗ ದೂರ ಹೋಗುತ್ತಿದ್ದಾನೆ, ಇದೊಂದಕ್ಕೂ ಇಲ್ಲ ಅನ್ನುವುದು ಹೇಗೆ ಅಂತ ಸುಮ್ಮನಾಗುತ್ತೀರಿ. ಅಮ್ಮಂದಿರ ಈ ಸಂಕೋಚದ ಮೇಲೆಯೇ ಅವರ ಪ್ಲ್ಯಾನು ನಿಂತಿದೆ. ಇಲ್ಲ ಅನ್ನಬಹುದು. "ನನ್ನ ಕೈಲಿ ಆಗಲ್ಲ ಕಣಪ್ಪ, ನಾಯಿಗೂ ಒಳ್ಳೇದಾಗಲ್ಲ, ಬೇರೆ ಮನೆ ನೋಡು" ಅಂದರೆ ಮಗ ನಾಲ್ಕು ದಿನ ಮುನಿಸಿಕೊಳ್ಳುತ್ತಾನೆ, ಆಮೇಲೆ ಮನೆ ಹುಡುಕುತ್ತಾನೆ. ಆಗುತ್ತದೆ ಅನ್ನುವುದಾದರೆ ಸಂತೋಷ, ಆದರೆ ದೀಪಾವಳಿ ರಜೆಗೇ ನಾಯಿಯನ್ನು ಕರೆಸಿ, ಹದಿನೈದು ದಿನ ಸಾಕಿ ನೋಡಿ, ಆಮೇಲೆ ಮಾತು ಕೊಡಿ. ತಿಂಗಳಿಗೆ ಇಷ್ಟು ಕಳಿಸು ಅನ್ನಲು ನಾಚಿಕೆ ಬೇಡ. ಅದು ಅವನ ನಾಯಿ.

ಈಗಾಗಲೇ ನಾಯಿ ಬಂದು ಅಂಗಳದಲ್ಲಿ ಕೂತಿದ್ದರೆ ಮೊದಲು ರೇಬಿಸ್ ಲಸಿಕೆ ಯಾವಾಗ ಹಾಕಿಸಿದ್ದು ಎಂದು ಪುಸ್ತಕ ನೋಡಿ. ಪಟ್ಟಣದ ನಾಯಿಗೆ ಹುಚ್ಚು ಹಿಡಿಯಲ್ಲ ಎನ್ನುವ ನಂಬಿಕೆ ನಮ್ಮ ಕಡೆ ಇದೆ. ಬೀದಿ ನಾಯಿ ಕಚ್ಚಿದ ಮೇಲೆ ಲಸಿಕೆ ಇಲ್ಲದ ನಾಯಿ ಯಾವ ಪಟ್ಟಣದ್ದಾದರೂ ಒಂದೇ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಚುಚ್ಚುವುದುಂಟು, ವಿಚಾರಿಸಿ. ಗಡುವು ಮೀರಿದ್ದರೆ ಅಲ್ಲಿಯವರೆಗೆ ಕಾಯಬೇಡಿ. ಮನೆಯ ನಾಯಿಯೇ ಕಚ್ಚಿದರೂ ಅರಿಶಿನ, ಸುಣ್ಣ ಮೆತ್ತದೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರಾತ್ರಿ ಹೊರಗೆ ಕಟ್ಟಬೇಡಿ. ಹಸ್ಕಿಯ ಕೂದಲನ್ನು ಬೇಸಿಗೆ ಅಂತ ಬುಡಕ್ಕೆ ಬೋಳಿಸಬೇಡಿ, ಆ ಕೂದಲೇ ಬಿಸಿಲನ್ನೂ ತಡೆಯುವುದು. ನೆರಳು ಕೊಡಿ, ನೀರಿಡಿ. ಬಿಲ್ಲಿನ ಫೋಟೋ ತೆಗೆದು ಮಗನಿಗೆ ವಾಟ್ಸ್ಯಾಪ್ ಮಾಡಿ.